ಎರಡು ನಿಮಿಷದ ಆಕಾಶಮಾರ್ಗ

ಭೂಪಟದ ಮೇಲೆ ಎರಡು ಊರುಗಳ ನಡುವೆ ಒಂದು ಗೆರೆಯನ್ನೆಳೆದು, ಆ ಗೆರೆಯ ಉದ್ದವನ್ನು ವಿಮಾನದ ವೇಗದಿಂದ ಭಾಗಿಸಿದರೆ ಪ್ರಯಾಣಕ್ಕೆ ತಗಲುವ ಕಾಲ ದೊರೆಯುತ್ತದೆಂಬುದು ಶಾಲೆಯ ಗಣಿತದ ಕಾಲದಿಂದಲೇ ನಮ್ಮ ಮನಸ್ಸಿನಲ್ಲಿ ನೆಲೆಯೂರಿರುವ ತಿಳಿವಳಿಕೆ. ಮಹಾನಗರಗಳ ನಡುವಣ ಪ್ರಯಾಣದಲ್ಲಿ ಈ ಲೆಕ್ಕ ಸ್ವಲ್ಪ ಹೆಚ್ಚುಕಡಮೆಯಾದರೂ ಒಟ್ಟಿನಲ್ಲಿ ಹೊಂದಿಕೊಂಡು ಹೋಗುವುದರಿಂದ ಅದರೊಳಗಿನ ದೋಷ ನಮ್ಮ ಗಮನಕ್ಕೆ ಬರುವುದಿಲ್ಲ. ಆದರೆ ಸಮುದ್ರದಲ್ಲಿ ಚದರಿಬಿದ್ದ ದ್ವೀಪಗಳಲ್ಲಿಯೋ ಪರ್ವತಗಳ ಕಣಿವೆಗಳಲ್ಲಿಯೋ ಇರುವ ಎರಡು ಸಣ್ಣ ವಿಮಾನನಿಲ್ದಾಣಗಳನ್ನು ತೆಗೆದುಕೊಂಡು, ಒಂದರಿಂದ ಇನ್ನೊಂದಕ್ಕೆ ದೂರವೆಷ್ಟು, ಹಾರುವುದಕ್ಕೆ ಹಿಡಿಯುವ ಹೊತ್ತೆಷ್ಟು ಎಂದು ಕೇಳಿದೆವಾದರೆ, ಭಾಗಾಕಾರದಿಂದ ಬರುವ ಉತ್ತರ ಒಂದು, ಅಲ್ಲಿ ವಾಸಿಸುವ ಜನ ಕೊಡುವ ಉತ್ತರ ಇನ್ನೊಂದು ಎಂಬುದು ತಿಳಿದುಬರುತ್ತದೆ. ಈ ಎರಡು ಉತ್ತರಗಳಿಗೂ ಇರುವ ಅಂತರವನ್ನು ಜಗತ್ತಿನ ಅತ್ಯಂತ ಹ್ರಸ್ವವಾದ ವಿಮಾನಯಾನವೊಂದು ಎಷ್ಟು ನಿಚ್ಚಳವಾಗಿ ತೋರಿಸಿಕೊಡುತ್ತದೆಯೋ ಅಷ್ಟು ನಿಚ್ಚಳವಾಗಿ ಮತ್ತಾವ ಉದಾಹರಣೆಯೂ ತೋರಿಸಲಾರದು.

ಸ್ಕಾಟ್ಲೆಂಡಿನ ಉತ್ತರದ ಅಂಚಿನಿಂದ ಪೆಂಟ್‌ಲೆಂಡ್ ಫರ್ತ್ ಎಂಬ, ಅಗಲದಲ್ಲಿ ಕಿರಿದಾದರೂ ಪ್ರವಾಹದ ಸೆಳೆತದಲ್ಲಿ ಬಹು ಉಗ್ರವಾದ ಜಲಸಂಧಿಯನ್ನು ದಾಟಿದರೆ ಆರ್ಕ್ನಿ ದ್ವೀಪಸಮೂಹ ಸಿಕ್ಕುತ್ತದೆ. ಸುಮಾರು 70 ದ್ವೀಪಗಳ ಈ ಸಮೂಹದಲ್ಲಿ ಜನವಸತಿಯುಳ್ಳವು ಇಪ್ಪತ್ತರ ಆಸುಪಾಸು. ಎಲ್ಲಕ್ಕೂ ಆಡಳಿತ ಕೇಂದ್ರವಾದ ಕರ್ಕ್‌ವಾಲ್ ಪಟ್ಟಣ ನಡುವಣ ದೊಡ್ಡ ದ್ವೀಪದಲ್ಲಿದೆ. ಅಲ್ಲಿಂದ ಉತ್ತರಕ್ಕೆ, ಸಮೂಹದ ವಾಯವ್ಯದ ಕಡೆ, ಅಕ್ಕಪಕ್ಕದಲ್ಲಿಯೇ ಇರುವ ಎರಡು ದ್ವೀಪಗಳು ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ. 2011ರ ಜನಗಣತಿಯಲ್ಲಿ ಮೊದಲನೆಯದರಲ್ಲಿ 588 ಮಂದಿಯೂ ಎರಡನೆಯದರಲ್ಲಿ 90 ಮಂದಿಯೂ ಇದ್ದರು. ಎರಡರಲ್ಲೂ ಒಂದೊಂದು ಪುಟ್ಟ ವಿಮಾನನಿಲ್ದಾಣವಿದೆ. ಅವೆರಡರ ನಡುವಣ ಅಂತರ ಸುಮಾರು 2.7 ಕಿಲೋಮೀಟರು. ಲೋಗನ್‌ಏರ್ ಎಂಬ ಸಂಸ್ಥೆ 1967ರಲ್ಲಿ ಆರಂಭಿಸಿದ ಈ ಸೇವೆ ನಿಯತವಾದ ವೇಳಾಪಟ್ಟಿಯುಳ್ಳ ವಿಮಾನಯಾನಗಳಲ್ಲೆಲ್ಲ ಅತಿ ಚಿಕ್ಕದೆಂದು ಲೋಕಪ್ರಸಿದ್ಧವಾಗಿದೆ. ವೇಳಾಪಟ್ಟಿ ಅದಕ್ಕೆ ಕೊಡುವ ಅವಧಿ ಎರಡು ನಿಮಿಷ. ಸಾಮಾನ್ಯವಾಗಿ ತೊಂಬತ್ತು ಸೆಕೆಂಡಿನೊಳಗೆ ವಿಮಾನ ಆಚೆಯ ದಡವನ್ನು ಮುಟ್ಟಿರುತ್ತದೆ. ಗಾಳಿ ಪೂರ್ಣವಾಗಿ ಒಲಿದ ದಿನವೊಂದರಲ್ಲಿ ಅದು 53 ಸೆಕೆಂಡಿನಲ್ಲಿ ಮುಗಿದುದುಂಟು.

ಮೊದಲು ದೂರದ ಮಾತನ್ನು ನೋಡೋಣ. ವಿಮಾನನಿಲ್ದಾಣವೆಂಬುದು ಒಂದು ಬಿಂದುವಲ್ಲ, ವಿಸ್ತಾರವುಳ್ಳ ಒಂದು ಬಯಲು. ಆದ್ದರಿಂದ ಪ್ರತಿಯೊಂದು ನಿಲ್ದಾಣಕ್ಕೂ ಅಕ್ಷಾಂಶ ರೇಖಾಂಶಗಳಿಂದ ಗುರುತಿಸಿದ ಒಂದು ನಿರ್ದೇಶಬಿಂದುವನ್ನು ಗೊತ್ತುಮಾಡಿ, ಬಿಂದುವಿನಿಂದ ಬಿಂದುವಿಗೆ ದೂರವನ್ನು ಅಳೆಯುವುದು ರೂಢಿ. ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಿಲ್ದಾಣಗಳು ಹೆಚ್ಚುಕಡಮೆ ಒಂದೇ ಅಕ್ಷಾಂಶದ ಮೇಲೆ, ಉತ್ತರ 59 ಡಿಗ್ರಿಯನ್ನು ಸ್ವಲ್ಪ ಮೀರಿದ ಎಡೆಯಲ್ಲಿ, ಪಶ್ಚಿಮ ಪೂರ್ವವಾಗಿ ನೆಲೆಸಿವೆ. ಇಲ್ಲಿ ಓದುಗರು ನೆನಪಿಡಬೇಕಾದ ಸಂಗತಿಯೊಂದುಂಟು. ಭೂಗೋಳದ ಮೇಲೆ ರೇಖಾಂಶದ ಗೆರೆಗಳು ಧ್ರುವದ ಕಡೆಗೆ ಸರಿದಂತೆಲ್ಲ ಪರಸ್ಪರ ಹತ್ತಿರವಾಗುತ್ತ ಹೋಗುತ್ತವೆ. ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿಲೋಮೀಟರು ಅಗಲವಿದ್ದರೆ, ಆರ್ಕ್ನಿಯಲ್ಲಿ ಅದೇ ಒಂದು ಡಿಗ್ರಿಗೆ 57 ಕಿಲೋಮೀಟರು ಮಾತ್ರ. ಆದರೆ ಶಾಲೆಯ ಗೋಡೆಗಳ ಮೇಲೆ ನಾವು ಕಾಣುವ ಮರ್ಕೇಟರ್ ಮಾದರಿಯ ಭೂಪಟ ಈ ಗೆರೆಗಳನ್ನು ಉದ್ದಕ್ಕೂ ಸಮಾನಾಂತರವಾಗಿಯೇ ಎಳೆದಿರುವುದರಿಂದ, ಅರುವತ್ತು ಡಿಗ್ರಿಯ ಸುತ್ತಮುತ್ತ ಪ್ರತಿಯೊಂದು ದೂರವೂ ಸಮಭಾಜಕದ ಬಳಿಯ ದೂರಕ್ಕೆ ಹೋಲಿಸಿದರೆ ಎರಡರಷ್ಟಾಗಿ ಹಿಗ್ಗಿ ಕಾಣುತ್ತದೆ.

ಭೂಮಿ ಗುಂಡಾಗಿರುವ ಕಾರಣದಿಂದಲೇ, ದೂರದ ಪ್ರಯಾಣಗಳಲ್ಲಿ ಪಟದ ಮೇಲಿನ ನೇರಗೆರೆ ಅತಿ ಸಮೀಪದ ದಾರಿಯಾಗಿರುವುದಿಲ್ಲ. ಗೋಳದ ಕೇಂದ್ರವನ್ನು ಹಾಯುವಂತೆ ಕತ್ತರಿಸಿದಾಗ ಮೇಲ್ಮೈಯಲ್ಲಿ ಮೂಡುವ ಮಹಾವೃತ್ತದ ಕಂಸವೇ ಎರಡು ಸ್ಥಳಗಳ ನಡುವಣ ಅತ್ಯಂತ ಹ್ರಸ್ವವಾದ ಮಾರ್ಗ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿದ ಏರ್ ಇಂಡಿಯಾ ವಿಮಾನ, ಮಹಿಳೆಯರೇ ನಡೆಸಿದ ಆ ವಿಮಾನ, ಉತ್ತರಧ್ರುವದ ಮೇಲಿನಿಂದ ಹಾದುಬಂದುದಕ್ಕೆ ಕಾರಣವೂ ಇದೇ; ಸುಮಾರು 14,000 ಕಿಲೋಮೀಟರಿನ ಆ ದಾರಿಗೆ ಹದಿನೇಳು ಗಂಟೆಗಳ ಆಸುಪಾಸು ಹಿಡಿಯಿತು. ವೆಸ್ಟ್ರೇಯ ಎರಡೂಮುಕ್ಕಾಲು ಕಿಲೋಮೀಟರಿಗೆ ಭೂಮಿಯ ವಕ್ರತೆಯ ಚಿಂತೆಯಿಲ್ಲ. ಅಲ್ಲಿ ಲೆಕ್ಕವನ್ನು ಬದಲಿಸುವ ಶಕ್ತಿ ಬೇರೆಯದು, ಅದು ಗಾಳಿ.

ಈ ಮಾರ್ಗದಲ್ಲಿ ಹಾರುವ ವಿಮಾನಕ್ಕೆ ಐಲ್ಯಾಂಡರ್ ಎಂದು ಹೆಸರು. ಜಾನ್ ಬ್ರಿಟನ್ ಮತ್ತು ಡೆಸ್ಮಂಡ್ ನಾರ್ಮನ್ ಎಂಬಿಬ್ಬರು ಇಂಗ್ಲೆಂಡಿನ ದಕ್ಷಿಣದ ವೈಟ್ ದ್ವೀಪದಲ್ಲಿ ರೂಪಿಸಿದ ಈ ವಿಮಾನ 1965ರ ಜೂನ್ 13ರಂದು ಮೊದಲ ಬಾರಿಗೆ ಹಾರಿತು. ಮೇಲೆತ್ತಿ ಕೂರಿಸಿದ ನೀಳವಾದ ರೆಕ್ಕೆ, ಅದಕ್ಕೆ ಎಡಬಲದಲ್ಲಿ ಒಂದೊಂದು ಪಿಸ್ಟನ್ ಎಂಜಿನ್, ಒಳಕ್ಕೆ ಮಡಿಸಿಕೊಳ್ಳುವ ಗೋಜಿಲ್ಲದ ಗಟ್ಟಿ ಚಕ್ರಗಳು, ಹೀಗೆ ಅದರಲ್ಲಿ ಆಡಂಬರವೆಂಬುದು ಏನೂ ಇಲ್ಲ. ಅರ್ಧ ಕಿಲೋಮೀಟರಿನಷ್ಟು ಜಲ್ಲಿಯ ರನ್‌ವೇಯಿಂದಲೋ ಹುಲ್ಲುಗಾವಲಿನಿಂದಲೋ ಏಳಬೇಕು, ಅಂಥದರ ಮೇಲೆಯೇ ಇಳಿಯಬೇಕು, ಕೆಟ್ಟರೆ ಸುಲಭವಾಗಿ ದುರಸ್ತಿಯಾಗಬೇಕು ಎಂಬ ಉದ್ದೇಶದಿಂದಲೇ ಅದನ್ನು ಕಟ್ಟಿದ್ದು. ಆರ್ಕ್ನಿಯಲ್ಲಿ ಅದು ಒಯ್ಯುವುದು ಎಂಟು ಮಂದಿ ಪ್ರಯಾಣಿಕರನ್ನು. ಒಬ್ಬನೇ ಪೈಲಟ್ ಇರುವುದರಿಂದ ಅವನ ಪಕ್ಕದ ಆಸನದಲ್ಲಿಯೂ ಪ್ರಯಾಣಿಕನೊಬ್ಬ ಕುಳಿತುಕೊಳ್ಳಬಹುದು. ಯಾರು ಎಲ್ಲಿ ಕೂರಬೇಕೆಂಬುದು ಅವರವರ ಇಷ್ಟಕ್ಕಿಂತ ಹೆಚ್ಚಾಗಿ ಅವರವರ ತೂಕವನ್ನು ಅವಲಂಬಿಸಿರುತ್ತದೆ, ಏಕೆಂದರೆ ಇಷ್ಟು ಹಗುರಾದ ವಿಮಾನದಲ್ಲಿ ಭಾರ ಮುಂದೆ ಹಿಂದೆ ಸರಿಯಾಗಿ ಹಂಚಿಹೋಗಿರಬೇಕು.

ಎತ್ತರದಲ್ಲಿ ಸಮವಾಗಿ ಸಾಗುವಾಗ ಐಲ್ಯಾಂಡರಿನ ವೇಗ ಗಂಟೆಗೆ ಸುಮಾರು 240 ಕಿಲೋಮೀಟರು. ಆ ವೇಗದಲ್ಲಿ 2.7 ಕಿಲೋಮೀಟರನ್ನು ಕ್ರಮಿಸಲು ನಲವತ್ತು ಸೆಕೆಂಡು ಸಾಕು. ಹಾಗಿದ್ದರೆ ತೊಂಬತ್ತು ಸೆಕೆಂಡು ಏಕೆ ಬೇಕಾಗುತ್ತದೆ? ಏಕೆಂದರೆ ನೆಲವನ್ನು ಬಿಟ್ಟ ವಿಮಾನ ಆ ವೇಗವನ್ನು ಪಡೆಯುವ ಮೊದಲೇ ಇಳಿಯುವ ಸಿದ್ಧತೆಗೆ ತೊಡಗಬೇಕಾಗಿರುತ್ತದೆ. ಏರುವುದು ಮುಗಿಯುತ್ತಲೇ ಇಳಿಯುವುದು ಮೊದಲಾಗುತ್ತದೆಯೇ ಹೊರತು ನಡುವೆ ಸಾಗುವುದೆಂಬ ಘಟ್ಟವೇ ಅಲ್ಲಿ ಇಲ್ಲ. ಅದಲ್ಲದೆ ವಿಮಾನ ಏಳುವುದೂ ಇಳಿಯುವುದೂ ಗಾಳಿಗೆ ಮುಖಮಾಡಿ. ಎದುರಿನಿಂದ ಬರುವ ಗಾಳಿ ರೆಕ್ಕೆಗಳನ್ನು ಎತ್ತಿಹಿಡಿಯುವುದಕ್ಕೆ ಸಹಾಯಮಾಡುವುದರಿಂದ ಕಡಮೆ ಓಟದಲ್ಲಿ ನೆಲವನ್ನು ಬಿಡಬಹುದು, ಕಡಮೆ ಓಟದಲ್ಲಿ ನಿಲ್ಲಲೂ ಬಹುದು. ಆರ್ಕ್ನಿಯಲ್ಲಿ ಪಡುವಣ, ನೈಋತ್ಯದ ಗಾಳಿಗಳದೇ ಪ್ರಾಬಲ್ಯ; ಪಾಪಾ ವೆಸ್ಟ್ರೇ ಇರುವುದು ವೆಸ್ಟ್ರೇಯ ಮೂಡಣಕ್ಕೆ. ಆದ್ದರಿಂದ ಮೂಡಣಕ್ಕೆ ಹೋಗಬೇಕಾದ ವಿಮಾನ ಎಷ್ಟೋ ದಿನ ಪಡುವಣಕ್ಕೆ ಮುಖಮಾಡಿ ಮೇಲೆದ್ದು, ಅರ್ಧವೃತ್ತ ತಿರುಗಿ, ಬೆನ್ನಿಗೆ ಗಾಳಿಯನ್ನು ಪಡೆದು ಜಲಸಂಧಿಯನ್ನು ದಾಟಿ, ಮತ್ತೆ ತಿರುಗಿ ಗಾಳಿಗೆ ಎದುರಾಗಿ ಇಳಿಯಬೇಕಾಗುತ್ತದೆ. ನೇರವಾದ ದೂರಕ್ಕಿಂತ ಸುತ್ತು ಹೊಡೆಯುವ ದೂರವೇ ಇಲ್ಲಿ ಅಧಿಕವಾಗಬಹುದು. ದೂರ ಕಡಮೆಯಾದಷ್ಟೂ ಭಾಗಾಕಾರದ ಲೆಕ್ಕ ತಪ್ಪುತ್ತ ಹೋಗುತ್ತದೆಯೆಂಬ ವಿಚಿತ್ರಸತ್ಯಕ್ಕೆ ಇದಕ್ಕಿಂತ ಸ್ಫುಟವಾದ ನಿದರ್ಶನ ಬೇಕಿಲ್ಲ.

ಟಿಕೆಟ್ಟಿನ ಮೇಲೆ ಅಚ್ಚಾಗಿರುವ ಅವಧಿ ಹಾರಾಟದ ಅವಧಿಯಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ವಿಮಾನ ತಾನು ನಿಂತಿದ್ದ ಜಾಗದಿಂದ ಚಕ್ರ ಕದಲಿಸಿದ ಕ್ಷಣದಿಂದ, ಸೇರಬೇಕಾದ ನಿಲ್ದಾಣದಲ್ಲಿ ಚಕ್ರ ಸ್ತಬ್ಧವಾದ ಕ್ಷಣದವರೆಗಿನ ಸಮಸ್ತ ಕಾಲವೂ ಅದರಲ್ಲಿ ಸೇರಿರುತ್ತದೆ. ಬೆಂಗಳೂರಿನಂಥ ದೊಡ್ಡ ನಿಲ್ದಾಣದಲ್ಲಿ ರನ್‌ವೇಯ ತುದಿಗೆ ಸಾಗಲು, ಸರದಿಗಾಗಿ ಕಾಯಲು, ಇಳಿದ ಮೇಲೆ ತಂಗುವ ಸ್ಥಾನವನ್ನು ಸೇರಲು ಹಿಡಿಯುವ ಕಾಲವೇ ವೆಸ್ಟ್ರೇಯ ಯಾನವನ್ನು ಹಲವು ಬಾರಿ ಮುಗಿಸಲು ಸಾಕಾಗುವಷ್ಟಿರುತ್ತದೆ.

ಇಷ್ಟಾದ ಮೇಲೂ ಓದುಗರಲ್ಲಿ ಒಂದು ಸಂದೇಹ ಉಳಿದಿರಬಹುದು: ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿರುವ ಎರಡು ದ್ವೀಪಗಳ ನಡುವೆ ವಿಮಾನವನ್ನೇಕೆ ಹಾರಿಸಬೇಕು? ವೆಸ್ಟ್ರೇಯ ಪೀರೋವಾಲ್ ಹಳ್ಳಿಯಿಂದ ಪಾಪಾ ವೆಸ್ಟ್ರೇಗೆ ದೋಣಿಯೂ ಉಂಟು. ಸಮುದ್ರ ಶಾಂತವಾಗಿದ್ದರೆ ಅರ್ಧ ಗಂಟೆಯೊಳಗೆ ಅದು ಆಚೆಗೆ ಸೇರಿಸುತ್ತದೆ. ಈ ಪ್ರಶ್ನೆಗೆ ಉತ್ತರ ಆ ಎರಡು ದ್ವೀಪಗಳ ನಡುವೆ ಇಲ್ಲ, ಕರ್ಕ್‌ವಾಲಿನಲ್ಲಿದೆ. ಕರ್ಕ್‌ವಾಲಿನಿಂದ ಎರಡು ದ್ವೀಪಗಳಿಗೂ ದೂರ ಹೆಚ್ಚುಕಡಮೆ ಸಮ, ತಲಾ ಸುಮಾರು 44 ಕಿಲೋಮೀಟರು. ಒಂದೊಂದಕ್ಕೂ ಬೇರೆಬೇರೆಯಾಗಿ ಹೋಗಿಬರುವುದಾದರೆ ವಿಮಾನ ಒಟ್ಟು 176 ಕಿಲೋಮೀಟರು ಹಾರಬೇಕು. ಒಂದಕ್ಕೆ ಹೋಗಿ, ಅಲ್ಲಿಂದ ಪಕ್ಕದ್ದಕ್ಕೆ ದಾಟಿ, ಅಲ್ಲಿಂದ ಹಿಂದಿರುಗಿದರೆ 91 ಕಿಲೋಮೀಟರಿನಲ್ಲಿ ಎರಡೂ ಊರುಗಳ ಕೆಲಸವಾಗುತ್ತದೆ. ಜಗತ್ಪ್ರಸಿದ್ಧವಾದ ಆ ಎರಡು ನಿಮಿಷ ತನಗಾಗಿ ತಾನೇ ಹುಟ್ಟಿದ್ದಲ್ಲ; ಒಂದು ತ್ರಿಕೋನದ ಮೂರನೆಯ ಬಾಹುವಾಗಿ, ಎಂಟು ಆಸನಗಳನ್ನೂ ಇಂಧನವನ್ನೂ ಪೈಲಟ್ಟಿನ ವೇಳೆಯನ್ನೂ ಮಿತವ್ಯಯದಿಂದ ಬಳಸಬೇಕೆಂಬ ವಿವೇಕದಿಂದ ಹುಟ್ಟಿದ್ದು. ದಾಖಲೆಗಳ ಪುಸ್ತಕದಲ್ಲಿ ಅದನ್ನೊಂದು ಕೌತುಕವೆಂದು ಓದಿ ಬಿಟ್ಟುಬಿಡುವವರಿಗೆ ಈ ವಿವೇಕ ಕಾಣದೆ ಹೋಗುವುದು ನನಗೆ ಬಹಳ ಖೇದದ ಸಂಗತಿ.

ಆ ವಿಮಾನದಲ್ಲಿ ಕೂರುವವರು ಯಾರೆಂದು ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಸಂಗೀತ, ಚಿತ್ರಕಲೆ, ವ್ಯಾಯಾಮಗಳಂಥ ವಿಷಯಗಳಿಗೆ ಪ್ರತಿಯೊಂದು ಪುಟ್ಟ ಶಾಲೆಗೂ ಪ್ರತ್ಯೇಕ ಅಧ್ಯಾಪಕರನ್ನು ನೇಮಿಸಲಾಗದುದರಿಂದ ದ್ವೀಪದಿಂದ ದ್ವೀಪಕ್ಕೆ ಹಾರಿ ಪಾಠ ಹೇಳುವ ಉಪಾಧ್ಯಾಯರು. ಕರ್ಕ್‌ವಾಲಿನ ಆಸ್ಪತ್ರೆಗೆ ತೋರಿಸಿಕೊಂಡು ಅದೇ ದಿನ ಮನೆಗೆ ಮರಳಬೇಕಾದ ವೃದ್ಧರು. ವೈದ್ಯರು, ಬ್ಯಾಂಕಿನ ನೌಕರರು, ಯಂತ್ರ ದುರಸ್ತಿಯವರು. ಬೇಸಗೆಯಲ್ಲಿ ಉತ್ಖನನಕ್ಕೆ ಬರುವ ಪುರಾತತ್ತ್ವಜ್ಞರು. ನಿಲ್ದಾಣವೆಂಬುದು ಒಂದು ಪುಟ್ಟ ಕಟ್ಟಡ, ಗಾಳಿಯ ದಿಕ್ಕನ್ನು ತೋರಿಸುವ ಒಂದು ಬಟ್ಟೆಯ ಚೀಲ, ಒಂದು ಅಗ್ನಿಶಾಮಕ ವಾಹನ. ಬೇಸಾಯ ಪಶುಪಾಲನೆಗಳಲ್ಲಿ ತೊಡಗಿದ ಊರಿನವರೇ ತರಬೇತಿ ಪಡೆದು ಅಗ್ನಿಶಾಮಕ ದಳದವರಾಗಿ ದುಡಿಯುತ್ತಾರೆ; ವಿಮಾನ ಬರುವ ಹೊತ್ತಿಗೆ ಹೊಲವನ್ನು ಬಿಟ್ಟು ಬಂದು, ಗಂಬೂಟಿನ ಮೇಲೆ ದಪ್ಪನೆಯ ಸಮವಸ್ತ್ರವನ್ನೇರಿಸಿ, ಸಾಮಾನನ್ನು ಇಳಿಸಿ ಹತ್ತಿಸಿ, ಬಾಗಿಲನ್ನು ಭದ್ರವಾಗಿ ಮುಚ್ಚಿ, ವಿಮಾನ ಕಣ್ಮರೆಯಾದ ಮೇಲೆ ತಮ್ಮ ದನಗಳ ಕಡೆಗೆ ಹಿಂದಿರುಗುತ್ತಾರೆ. ನಮ್ಮ ಮಲೆನಾಡಿನ ಹಳ್ಳಿಗೆ ಬೆಳಗಿನ ಬಸ್ಸು ಹೇಗೋ ಪಾಪಾ ವೆಸ್ಟ್ರೇಗೆ ಐಲ್ಯಾಂಡರ್ ಹಾಗೆ.

ಈ ಸೇವೆಯ ಬೇರುಗಳು 1967ಕ್ಕಿಂತ ಹಿಂದಿನವು. ಕ್ಯಾಪ್ಟನ್ ಫ್ರೆಸನ್ ಎಂಬ ಸಾಹಸಿ ಹೈಲೆಂಡ್ ಏರ್‌ವೇಸ್ ಎಂಬ ಸಂಸ್ಥೆಯನ್ನು ಕಟ್ಟಿ, 1933ರ ಮೇ ತಿಂಗಳಲ್ಲಿ ಇನ್ವರ್ನೆಸ್‌ನಿಂದ ಕರ್ಕ್‌ವಾಲಿಗೆ ನಿಯತವಾದ ವಿಮಾನವನ್ನು ಆರಂಭಿಸಿದರು. ಮರುವರ್ಷ ಅದೇ ಮಾರ್ಗದಲ್ಲಿ ಬ್ರಿಟನ್ನಿನ ಮೊದಲ ನಿಯತ ಒಳನಾಡು ಅಂಚೆವಿಮಾನ ಹಾರಿತು. ರೈತರ ಹೊಲಗಳನ್ನೇ ಇಳಿದಾಣಗಳನ್ನಾಗಿ ಮಾಡಿಕೊಂಡು ಉತ್ತರದ ಸಣ್ಣ ದ್ವೀಪಗಳಿಗೂ ಅವರು ವಿಮಾನವನ್ನು ಮುಟ್ಟಿಸಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದೆಲ್ಲ ಅಸ್ತವ್ಯಸ್ತವಾಯಿತು. ಒಂದು ತಲೆಮಾರಿನ ಅನಂತರ ಲೋಗನ್‌ಏರ್ ಆ ಸೂತ್ರವನ್ನು ಮತ್ತೆ ಕೈಗೆತ್ತಿಕೊಂಡಿತು.

ತೊಂಬತ್ತು ಜನರ ಊರಿಗೆ ಇಷ್ಟೆಲ್ಲ ಏಕೆ ಎನ್ನುವವರು ಆ ಊರಿನ ವಯಸ್ಸನ್ನು ತಿಳಿಯಬೇಕು. ಪಾಪಾ ವೆಸ್ಟ್ರೇಯ ಪಡುವಣ ಕರೆಯಲ್ಲಿ ನ್ಯಾಪ್ ಆಫ್ ಹೌವರ್ ಎಂಬಲ್ಲಿ ಒಂದಕ್ಕೊಂದು ಅಂಟಿಕೊಂಡ ಎರಡು ಕಲ್ಲಿನ ಮನೆಗಳಿವೆ. ಕ್ರಿಸ್ತಪೂರ್ವ 3700ರ ಸುಮಾರಿನಲ್ಲಿ ರೈತಕುಟುಂಬಗಳು ಬಾಳಿದ ಈ ಮನೆಗಳು, ಉತ್ತರ ಯೂರೋಪಿನಲ್ಲಿ ಇಂದಿಗೂ ನಿಂತಿರುವ ಕಲ್ಲುಮನೆಗಳಲ್ಲಿ ಅತ್ಯಂತ ಪ್ರಾಚೀನವೆಂದು ಗಣ್ಯವಾಗಿವೆ. ತಗ್ಗಾದ ಬಾಗಿಲು, ಚಪ್ಪಡಿಕಲ್ಲನ್ನು ನಿಲ್ಲಿಸಿ ಮಾಡಿದ ಕೋಣೆಯ ವಿಭಾಗ, ಗೋಡೆಯೊಳಗೆ ಕೊರೆದ ಗೂಡುಗಳು, ಧಾನ್ಯ ಬೀಸುವ ಕಲ್ಲು, ಎಲ್ಲವೂ ಅಲ್ಲಿ ಕಾಣಸಿಗುತ್ತವೆ. ಅದೇ ದ್ವೀಪದ ಬಂಡೆಗಳ ಮೇಲೆ 1813ರಲ್ಲಿ ಹಾರಲಾರದ ದೊಡ್ಡ ಆಕ್ ಹಕ್ಕಿಗಳ ಪೈಕಿ ಆರ್ಕ್ನಿಯಲ್ಲಿ ಉಳಿದಿದ್ದ ಕಡೆಯದನ್ನು ಕೊಂದರು. ಮೂರು ದಶಕಗಳು ತುಂಬುತ್ತಲೇ ಆ ಜಾತಿ ಭೂಮಿಯಿಂದಲೇ ಅಳಿಯಿತು. ಐದು ಸಾವಿರ ವರ್ಷಗಳಿಗೂ ಮಿಗಿಲಾಗಿ ಮನುಷ್ಯರು ಒಲೆ ಹೊತ್ತಿಸಿದ ನೆಲದಲ್ಲಿ ಈ ತಲೆಮಾರಿನವರೂ ಮಕ್ಕಳನ್ನು ಸಾಕಿ ಓದಿಸಿ ಬಾಳಬೇಕಾದರೆ, ಚಳಿಗಾಲದಲ್ಲಿ ಹಗಲಿನ ಅವಧಿಯೇ ಆರು ಗಂಟೆಗಳಷ್ಟಕ್ಕೆ ಇಳಿದು, ಅಲೆಯೆದ್ದು ದೋಣಿ ನಿಂತ ದಿನಗಳಲ್ಲಿ, ವೈದ್ಯರನ್ನು ತಲುಪುವ ಒಂದು ಹಾದಿ ಅವರಿಗೆ ತೆರೆದಿರಲೇಬೇಕು.

ಪರ್ವತಪ್ರದೇಶದಲ್ಲಿ ಆ ಭಾಗಾಕಾರದ ಲೆಕ್ಕ ಮತ್ತೊಂದು ರೀತಿಯಲ್ಲಿ ತಿರುಗಿಬೀಳುತ್ತದೆ. ಎವರೆಸ್ಟಿನ ತಪ್ಪಲಿಗೆ ಚಾರಣ ಹೋಗಿಬಂದ ಕನ್ನಡಿಗರು ಈಗ ಕಡಮೆಯಿಲ್ಲ; ಅವರಿಗೆಲ್ಲ ನೇಪಾಳದ ರಾಮೆಛಾಪ್ ಮತ್ತು ಲುಕ್ಲಾ ನಿಲ್ದಾಣಗಳು ಪರಿಚಿತ. ಎಡ್ಮಂಡ್ ಹಿಲರಿಯ ಮೇಲ್ವಿಚಾರಣೆಯಲ್ಲಿ 1964ರಲ್ಲಿ ನಿರ್ಮಾಣವಾದ ಲುಕ್ಲಾ ನಿಲ್ದಾಣ ಸಮುದ್ರಮಟ್ಟದಿಂದ 2,800 ಮೀಟರಿಗೂ ಮೇಲಿದೆ. ಅದರ ರನ್‌ವೇ 527 ಮೀಟರು, ಅದೂ ಸಮತಲವಲ್ಲ, ನೂರಕ್ಕೆ ಹನ್ನೆರಡರಷ್ಟು ಇಳಿಜಾರು. ಒಂದು ಕೊನೆಯಲ್ಲಿ ಬೆಟ್ಟದ ಗೋಡೆ, ಇನ್ನೊಂದು ಕೊನೆಯಲ್ಲಿ ಕಣಿವೆ. ಬಂದ ವಿಮಾನ ಏರನ್ನು ಹತ್ತುತ್ತ ನಿಲ್ಲುತ್ತದೆ, ಹೊರಟ ವಿಮಾನ ಇಳಿಜಾರಿನಲ್ಲಿ ವೇಗ ಪಡೆಯುತ್ತದೆ. ಕಠ್ಮಂಡುವಿನ ನಿಲ್ದಾಣದಲ್ಲಿ ದಟ್ಟಣೆ ಹೆಚ್ಚಿದುದರಿಂದ ಚಾರಣದ ಋತುವಿನಲ್ಲಿ ಲುಕ್ಲಾದ ವಿಮಾನಗಳು ಬಹುಪಾಲು ರಾಮೆಛಾಪಿನಿಂದ ಹೊರಡುತ್ತವೆ. ಎರಡಕ್ಕೂ ನಡುವೆ ನೇರವಾಗಿ ಸುಮಾರು 75 ಕಿಲೋಮೀಟರು; ಹಾರಾಟಕ್ಕೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ. ಆದರೆ ಆ ಇಪ್ಪತ್ತು ನಿಮಿಷಕ್ಕಾಗಿ ಪ್ರಯಾಣಿಕ ನಡುರಾತ್ರಿಯಲ್ಲಿ ಕಠ್ಮಂಡುವನ್ನು ಬಿಟ್ಟು ನಾಲ್ಕೈದು ಗಂಟೆ ಬೆಟ್ಟದ ರಸ್ತೆಯಲ್ಲಿ ಸಾಗಬೇಕು. ಹೊತ್ತೇರಿದಂತೆ ಕಣಿವೆಯಲ್ಲಿ ಗಾಳಿ ಬಲಿತು ಮೋಡ ಕವಿಯುವುದರಿಂದ ಹಾರಾಟವೆಲ್ಲ ಬಹುಮಟ್ಟಿಗೆ ಬೆಳಗಿನ ಹೊತ್ತಿಗೇ ಮೀಸಲು. ಮೋಡ ಸರಿಯದಿದ್ದರೆ ಒಂದು ದಿನ, ಎರಡು ದಿನ, ಕೆಲವು ವೇಳೆ ಅದಕ್ಕೂ ಹೆಚ್ಚು ಕಾಯಬೇಕು. ವಿಮಾನವೇ ಇಲ್ಲದಿದ್ದರೆ ಹಳೆಯ ಕ್ರಮದಂತೆ ಜಿರಿ ಎಂಬ ಊರಿನಿಂದ ವಾರಕಾಲ ನಡೆಯಬೇಕು. ಹಾಗಾದರೆ ರಾಮೆಛಾಪಿನಿಂದ ಲುಕ್ಲಾಕ್ಕೆ ಪ್ರಯಾಣದ ಅವಧಿ ಇಪ್ಪತ್ತು ನಿಮಿಷವೋ, ಎರಡು ದಿನವೋ, ಒಂದು ವಾರವೋ? ಮೂರೂ ನಿಜ, ಯೋಜನೆ ಹಾಕುವವರು ಮೊದಲನೆಯದನ್ನು ಮಾತ್ರ ನೋಡುವುದೇ ತೊಂದರೆಗೆ ಮೂಲ.

ಹಾರಾಟದ ನಿಮಿಷಗಳನ್ನು ಮಾತ್ರ ಎಣಿಸುವವರಿಗೆ ದುರ್ಗಮಪ್ರದೇಶದ ವಿಮಾನಸೇವೆ ದುಂದುವೆಚ್ಚವೆನ್ನಿಸುವುದು ಸಹಜ. ಎಂಟು ಟಿಕೆಟ್ಟುಗಳ ಹಣದಿಂದ ಒಂದು ವಿಮಾನವನ್ನು ಹಾರಿಸಿ ಲಾಭ ಮಾಡುವುದು ಎಲ್ಲಿಯೂ ಸಾಧ್ಯವಿಲ್ಲ. ಆದಕಾರಣ ಆರ್ಕ್ನಿಯಲ್ಲಿ ದ್ವೀಪಗಳ ಕೌನ್ಸಿಲ್ಲು ಈ ಸೇವೆಯನ್ನು ಸಾರ್ವಜನಿಕ ಕರ್ತವ್ಯವೆಂದು ಪರಿಗಣಿಸಿ, ಇಷ್ಟು ಸಂಚಾರಗಳು ನಡೆಯಲೇಬೇಕೆಂಬ ಕರಾರಿನ ಮೇಲೆ ಹಣ ಕೊಡುತ್ತ ಬಂದಿದೆ. ನಮ್ಮ ದೇಶದಲ್ಲಿಯೂ 2017ರಲ್ಲಿ ಉಡಾನ್ ಯೋಜನೆಯಡಿ ಇದೇ ತತ್ತ್ವದ ವಿಮಾನಗಳು ಹಾರತೊಡಗಿದವು. ಮಿತವಾದ ದರಕ್ಕೆ ಕೊಡುವ ಆಸನಗಳಿಂದಾಗುವ ನಷ್ಟವನ್ನು ಸರ್ಕಾರ ತುಂಬಿಕೊಡುವ ಈ ವ್ಯವಸ್ಥೆಯಿಂದ ಬಳ್ಳಾರಿ ಜಿಲ್ಲೆಯ ವಿದ್ಯಾನಗರ, ಬೀದರ್, ಕಲಬುರಗಿಯಂಥ ಎಡೆಗಳು ಪ್ರಯೋಜನ ಪಡೆದವು. 2019ರ ನವೆಂಬರ್ 22ರಂದು ಕಲಬುರಗಿಯ ನಿಲ್ದಾಣ ಆರಂಭವಾದಾಗ ಆ ಭಾಗದ ಜನರಲ್ಲಿ ಕಂಡ ಹರ್ಷ ಅಲ್ಪವಾದುದಲ್ಲ. ಆದರೆ ಈ ನೆರವಿಗೆ ಮೂರು ವರ್ಷಗಳ ಮಿತಿಯುಂಟು. ಆ ಅವಧಿ ಮುಗಿಯುವ ಮೊದಲೋ ಮುಗಿದ ಮೇಲೋ ಬಹುಸಂಖ್ಯೆಯ ಮಾರ್ಗಗಳು ನಿಂತುಹೋದುದನ್ನು 2023ರಲ್ಲಿ ಮಹಾಲೇಖಪಾಲರ ವರದಿಯೇ ದಾಖಲಿಸಿದೆ. ರಸ್ತೆಯನ್ನು ಹಾಕಿ ಮೂರು ವರ್ಷದ ಮೇಲೆ ಅದು ಲಾಭ ತರಲಿಲ್ಲವೆಂದು ಯಾರೂ ಅಗೆದುಹಾಕುವುದಿಲ್ಲ. ನಿಜವಾಗಿ ಅನ್ಯಮಾರ್ಗವಿಲ್ಲದ ಊರುಗಳಿಗಾದರೂ ಆಕಾಶಮಾರ್ಗವನ್ನು ಹಾಗೆಯೇ ಭಾವಿಸಬೇಕಾದುದು ನ್ಯಾಯವೆಂಬುದು ನನ್ನ ದೃಢವಾದ ಅಭಿಪ್ರಾಯ. ಅನ್ಯಮಾರ್ಗವುಳ್ಳ ಊರುಗಳ ಮಾತು ಬೇರೆ; ಒಳ್ಳೆಯ ರೈಲು ಓಡುವ ಕಡೆ ವಿಮಾನಕ್ಕೆ ಹಣ ಸುರಿಯಬೇಕೆಂದು ನಾನು ಹೇಳಲಾರೆ.

ಬ್ರಿಟನ್ನಿನಲ್ಲಿ ನೆಲೆಸಿರುವ ಕನ್ನಡಿಗರೂ, ಇಲ್ಲಿಂದ ಅಲ್ಲಿಗೆ ಪ್ರವಾಸ ಹೋಗುವವರೂ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಹಾರುವ ಆಸೆಯಿಟ್ಟುಕೊಂಡರೆ ತಪ್ಪಲ್ಲ. ಆ ಯಾನ ಮಾಡಿದವರಿಗೆ ಪ್ರಮಾಣಪತ್ರ ಕೊಡುವ ಪದ್ಧತಿಯೂ ಇದೆ. ಅಂಥವರಲ್ಲಿ ನನ್ನದೊಂದು ವಿನಂತಿ. ವಿಮಾನದಲ್ಲಿರುವುದು ಎಂಟೇ ಆಸನ. ಪ್ರಮಾಣಪತ್ರವನ್ನು ಕಿಸೆಗೆ ಹಾಕಿಕೊಂಡು ಅದೇ ವಿಮಾನದಲ್ಲಿ ಹಿಂದಿರುಗಬೇಡಿ. ಊರಿನವರೇ ಸಹಕಾರಿ ಸಂಘ ಕಟ್ಟಿ ಅಂಗಡಿಯನ್ನೂ ತಂಗುಮನೆಯನ್ನೂ ನಡೆಸುತ್ತಿದ್ದಾರೆ. ರಾತ್ರಿ ತಂಗುವವರಿಗೆ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಟ್ಟುದೂ ಉಂಟು. ಒಂದು ರಾತ್ರಿಯಾದರೂ ಅಲ್ಲಿ ಉಳಿದು, ನ್ಯಾಪ್ ಆಫ್ ಹೌವರಿನ ತಗ್ಗುಬಾಗಿಲಿನಲ್ಲಿ ಬಗ್ಗಿ ಒಳಹೊಕ್ಕು ನೋಡಿ, ಊಟಕ್ಕೂ ವಸತಿಗೂ ಕೊಡಬೇಕಾದ ಹಣವನ್ನು ಊರಿನವರ ಕೈಯಲ್ಲಿಟ್ಟು ಬನ್ನಿ.